ಹಗುರ ಗಾಳಿಗೆ ಒಂದು ರೆಕ್ಕೆ

ದೋಣಿಗಾಲ್, ಸಕಲೇಶಪುರ ತಾಲ್ಲೂಕು
12 ಆಗಸ್ಟ್ 2024

ಪ್ರಜ್ವಲ್,

ಫೋನ್ ಎತ್ತದವನಿಗೆ ಪತ್ರವೇ ಗತಿ. ಮೂವತ್ತೊಂದು ವರ್ಷ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು, ಬರೆಯುವುದಕ್ಕೆ ಸೋಮಾರಿತನವಿಲ್ಲ. ನಿನ್ನ ರಾಮೇಶ್ವರದ ವಿಳಾಸವನ್ನು ಹಿನ್ನೀರಿನ ದಡದ ಕುಂದೂರಿಗೆ ಹೋಗಿ ನಿನ್ನ ಅಮ್ಮನಿಂದ ತಂದೆ. ರಾಜಲಕ್ಷ್ಮಮ್ಮ ಕಾಫಿ ಕೊಟ್ಟು, "ಅವ್ನು ನಮ್ ಜತೆಗೂ ನೆಟ್ಟಗೆ ಮಾತಾಡಲ್ಲ ಕಣ್ರೀ, ಹಬ್ಬಕ್ಕೂ ಬರ್ಲಿಲ್ಲ" ಎಂದು ಕಣ್ಣೊರೆಸಿಕೊಂಡರು. ಆ ತಾಯಿಗಾದರೂ ಒಂದು ಫೋನ್ ಮಾಡು.

ವಿಷಯಕ್ಕೆ ಬರುತ್ತೇನೆ. ಮಗ ಜಾಕ್ಸನ್ ತೀರಿಹೋಗಿ, ಬರುವ ನವೆಂಬರ್ ಇಪ್ಪತ್ತನಾಲ್ಕಕ್ಕೆ ಒಂದು ವರ್ಷ. ಅವನು ಆ ದಿನ ಹೇಮಾವತಿ ಹಿನ್ನೀರಿನಲ್ಲಿ ನಿಂತಿದ್ದ ಹಾಯಿಯಾಟದ ಹಲಗೆ ಇನ್ನೂ ನಮ್ಮ ಸ್ಟೋರ್‌ನಲ್ಲಿದೆ. ಅವನ ತಾಯಿ ಗ್ಲೋರಿಯಾ ಅದನ್ನು ಎತ್ತಿ ಆಚೆ ಬಿಸಾಡಿ ಎನ್ನುತ್ತಾಳೆ, ನಾನು ಬಿಸಾಡಿಲ್ಲ. ಕೈಯಲ್ಲಿ ಹಿಡಿಯುವ ಹಾಯಿ ಚೆನ್ನಾಗಿದೆ. ಹಲಗೆಯ ಅಡಿಗೆ ಸಿಕ್ಕಿಸುವ ಉದ್ದ ಕಂಬವೂ ಚೆನ್ನಾಗಿದೆ, ಒಂದು ಗೀರಿಲ್ಲ. ಆ ಕಂಬದ ತುದಿಯಲ್ಲಿ ನೀರಿನೊಳಗೆ ವಿಮಾನದ ರೆಕ್ಕೆಯಂಥದ್ದು ಇರುತ್ತದಲ್ಲ, ಅದು ಮಾತ್ರ ಮುರಿದಿದೆ. ಎಡಗಡೆ ಒಂದು ಗೇಣು ಇಲ್ಲ.

ಈಗ ಗ್ರೆಟ್ಟಾ ನೀರಿಗೆ ಇಳಿಯುತ್ತಾಳಂತೆ. ಅಣ್ಣ ಕಲಿತದ್ದನ್ನು ತಾನೂ ಕಲಿಯಬೇಕಂತೆ. ತಡೆದು ನೋಡಿದೆ. ಹಾನುಬಾಳಿನ ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಕಣ್ಣಿನಲ್ಲೇ ಕೂರಿಸುವ ಟೀಚರ್ ಅವಳು, ಅವಳ ಮುಂದೆ ನನ್ನ ಮಾತು ಎಲ್ಲಿ ನಡೆಯುತ್ತದೆ?

ತೂಕ ಐವತ್ತಾರು ಕೆಜಿ. ನಮ್ಮ ಹಿನ್ನೀರಿನ ಗಾಳಿ ನಿನಗೆ ಗೊತ್ತೇ ಇದೆ. ಮಧ್ಯಾಹ್ನದವರೆಗೆ ದೀಪ ಆರಿಸಲೂ ಸಾಲದು, ಆಮೇಲೆ ಒಣಗಲು ಹಾಕಿದ ಪಂಚೆ ಅಲ್ಲಾಡುವಷ್ಟು. ಅಷ್ಟು ಗಾಳಿಯಲ್ಲೇ ಹಲಗೆ ನೀರು ಬಿಟ್ಟು ಮೇಲೇಳಬೇಕು. ಅದಕ್ಕೆ ಎಷ್ಟು ದೊಡ್ಡ ರೆಕ್ಕೆ ಬೇಕು? ದಪ್ಪನೆಯದೋ ತೆಳುವಾದದ್ದೋ? ನಿನ್ನ ಹಲಗೆ-ಹಾಯಿಯ ಅಂಗಡಿಯಲ್ಲಿ ಯಾರೋ ಬಳಸಿ ಬಿಟ್ಟದ್ದಿದ್ದರೂ ಆದೀತು. ಅವನಿಗೆ ಆರಿಸಿ ಕೊಟ್ಟವನು ನೀನು. ಈ ಸಲವೂ ನೀನೇ ಆರಿಸಬೇಕು.

ಮಳೆ ಎಷ್ಟಾಯಿತು ಎಂದು ಮಾತ್ರ ಕೇಳಬೇಡ. ಅಳೆಯುವುದನ್ನು ಬಿಟ್ಟಿದ್ದೇನೆ.

ಇತಿ,
ವಲೇರಿಯನ್


ರಾಮೇಶ್ವರ
29 ಆಗಸ್ಟ್ 2024

ಪ್ರೀತಿಯ ವಲೇರಿಯನ್ ಅಂಕಲ್,

ನಿಮ್ಮ ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ನಿಮ್ಮ ಮಳೆ ಪುಸ್ತಕದಲ್ಲಿ ನೋಡಿದ ಅಕ್ಷರ. ಕವರು ಒಡೆಯಲು ನನಗೆ ಮೂರು ದಿನ ಬೇಕಾಯಿತು. ಜಾಕ್ಸನ್‌ನ ಮಣ್ಣಿಗೆ ಬರಲಿಲ್ಲ, ತಿಂಗಳ ಪೂಜೆಗೂ ಬರಲಿಲ್ಲ. ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮಗೂ ಅದನ್ನೇ ಬರೆಯಲು ಕೈ ಬರುತ್ತಿಲ್ಲ. ಕ್ಷಮಿಸಿ ಎನ್ನುವುದಷ್ಟೇ ಬರುತ್ತದೆ.

ಗ್ರೆಟ್ಟಾಗೆ ಬೇಕಾದ ರೆಕ್ಕೆಯ ವಿಷಯ. ಕಡಿಮೆ ಗಾಳಿಗೆ ದೊಡ್ಡ ರೆಕ್ಕೆ ಬೇಕು. ಗಾಳಿ ಹಾಯಿಯನ್ನು ತಳ್ಳುತ್ತದೆ, ಹಲಗೆ ಮುಂದೆ ಹೋಗುತ್ತದೆ, ನೀರಿನೊಳಗಿನ ರೆಕ್ಕೆ ಅದನ್ನು ಎತ್ತುತ್ತದೆ. ಗಾಳಿ ಕಡಿಮೆ ಎಂದರೆ ವೇಗ ಕಡಿಮೆ. ಆ ಸಣ್ಣ ವೇಗದಲ್ಲೇ ಎತ್ತಬೇಕಾದರೆ ರೆಕ್ಕೆ ಅಗಲವಾಗಿ, ಸ್ವಲ್ಪ ದಪ್ಪಗೆ ಇರಬೇಕು. ತೆಳುವಾಗಿ ಉದ್ದಕ್ಕಿರುವುದು ದೂರ ಜಾರುತ್ತದೆ, ಆದರೆ ಕಲಿಯುವವರ ತಪ್ಪನ್ನು ಸಹಿಸುವುದಿಲ್ಲ. ಎಪ್ಪತ್ತೈದು ಕೆಜಿಯ ಆಳಿಗಾದರೆ ಎರಡು ಸಾವಿರ ಚದರ ಸೆಂಟಿಮೀಟರ್ ಹೇಳುತ್ತಿದ್ದೆ. ಐವತ್ತಾರಕ್ಕೆ ಸಾವಿರದ ಏಳುನೂರು ಸಾಕು. ತೀರಾ ದೊಡ್ಡದಾದರೆ ಹಗುರದವರನ್ನು ಬೇಕಾದ್ದಕ್ಕಿಂತ ಮೇಲೆತ್ತಿ, ರೆಕ್ಕೆ ನೀರಿನಿಂದ ಆಚೆ ಬಂದು ದೊಪ್ಪನೆ ಬೀಳಿಸುತ್ತದೆ.

ಒಂದೇ ಮಾತು. ಉದ್ದ ಕಂಬ ಬೇಡ. ಗಿಡ್ಡದ್ದನ್ನೇ ಹಾಕಿಸಿ. ಹೊಸಬರಿಗೆ ಅದೇ ಒಳ್ಳೆಯದು. ಜಾಕ್ಸನ್‌ನ ಹಳೆಯ ಗಿಡ್ಡ ಕಂಬ ಸ್ಟೋರ್‌ನಲ್ಲೇ ಎಲ್ಲೋ ಇರಬೇಕು.

ಗ್ಲೋರಿಯಾ ಆಂಟಿಗೆ ನನ್ನ ನಮಸ್ಕಾರ ಹೇಳಿ. ಹೇಳದಿದ್ದರೂ ಪರವಾಗಿಲ್ಲ.

ನಿಮ್ಮ,
ಪ್ರಜ್ವಲ್


ದೋಣಿಗಾಲ್
20 ಅಕ್ಟೋಬರ್ 2024

ಪ್ರಜ್ವಲ್,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೇಳಿದ್ದು ರೆಕ್ಕೆಯನ್ನು, ಕಂಬದ ಮಾತೇ ಎತ್ತಿರಲಿಲ್ಲ. ನೀನಾಗಿ ನೀನೇ "ಉದ್ದ ಕಂಬ ಬೇಡ" ಎಂದು ಬರೆದೆ. ಯಾಕೆ ಬೇಡ ಎಂದು ಮಾತ್ರ ಬರೆಯಲಿಲ್ಲ. "ಹೊಸಬರಿಗೆ ಒಳ್ಳೆಯದು" ಎಂಬುದು ಕಾರಣವಲ್ಲ, ಅಂಗಡಿಯವರ ಮಾತು. ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ನಿನಗೆ ಹೇಳುವುದೇನೋ ಇದೆ, ಹೇಳುತ್ತಿಲ್ಲ. ಇರಲಿ, ನಾನೇನು ಬಾಯಿಗೆ ಕೈ ಹಾಕಿ ಎಳೆಯುವವನಲ್ಲ.

ಗಿಡ್ಡ ಕಂಬ ಸಿಗಲಿಲ್ಲ. ಹುಡುಕಿಯೂ ಇಲ್ಲ. ಉದ್ದದ್ದನ್ನೇ ಹಾಕುವುದು.

ಈ ವರ್ಷ ಹಿನ್ನೀರು ತುಂಬಿ ನಿಂತಿದೆ. ಹೋದ ವರ್ಷ ಬರ, ಈ ವರ್ಷ ಪ್ರವಾಹ, ಇದು ನಮ್ಮ ಕಡೆಯ ಹಣೆಬರಹ. ಪೇಪರಿನಲ್ಲಿ ಜಲಾಶಯಗಳ ಮಟ್ಟ ಬರುತ್ತದಲ್ಲ, ಆ ಪುಟ್ಟ ಚೌಕಟ್ಟನ್ನು ದಿನಾ ಕತ್ತರಿಸಿ ಮಳೆ ಪುಸ್ತಕದಲ್ಲಿ ಅಂಟಿಸುತ್ತಿದ್ದೇನೆ. ಮಳೆ ಅಳೆಯುವುದು ಬಿಟ್ಟ ಮೇಲೆ ಬೆಳಿಗ್ಗೆ ಎಂಟು ಗಂಟೆಗೆ ಏನಾದರೂ ಕೆಲಸ ಬೇಕಲ್ಲ. ಅವತ್ತು ಇದ್ದ ಮಟ್ಟಕ್ಕೆ ಬರಲು ನೀರು ಇನ್ನೂ ಇಪ್ಪತ್ತು ಅಡಿಯ ಹತ್ತಿರ ಇಳಿಯಬೇಕು. ಫೆಬ್ರವರಿ ಕೊನೆ, ಇಲ್ಲವೇ ಮಾರ್ಚ್. ಗ್ರೆಟ್ಟಾ ಇಳಿಯುವುದು ಆಗಲೇ.

ತೆಪ್ಪದ ಭೂತಯ್ಯ ಸಿಕ್ಕಿದ್ದ. ಮಗನನ್ನು ನೀರಿನಿಂದ ಎತ್ತಿ ತಂದವನು ಅವನೇ ತಾನೆ. ಆ ಜಾಗದಲ್ಲಿ ಎಣ್ಣೆಯ ಖಾಲಿ ಡಬ್ಬ ಕಟ್ಟಿ ತೇಲಿಬಿಟ್ಟಿದ್ದಾನೆ. "ಬಲೆ ಹಾಕೋರು ಗೊತ್ತಿಲ್ದೆ ಬರ್ತಾರೆ ಸಾಮಿ, ಗುರ್ತು ಇರ್ಲಿ ಅಂತ" ಎಂದ. ಅವನು ಓದು ಬರಹ ಬಾರದವನು. ಅವನಿಗೆ ಹೊಳೆದದ್ದು ಓದಿದವರಿಗೆ ಹೊಳೆಯಲಿಲ್ಲ. ಓದಿದವರಲ್ಲಿ ನಾನೂ ಒಬ್ಬ.

ರೆಕ್ಕೆಯನ್ನು ಜನವರಿಯೊಳಗೆ ಕಳಿಸು. ಸಾವಿರದ ಏಳುನೂರರದು.

ಇತಿ,
ವಲೇರಿಯನ್


ಹಾನುಬಾಳು
5 ಜನವರಿ 2025

ಪ್ರಜ್ವಲ್ ಅಣ್ಣ,

ನಾನು ಗ್ರೆಟ್ಟಾ. ಕ್ರಿಸ್ಮಸ್ ರಜೆಗೆ ಮನೆಗೆ ಹೋಗಿದ್ದಾಗ ಪಪ್ಪನ ಮಳೆ ಪುಸ್ತಕದಲ್ಲಿ ನಿಮ್ಮ ಪತ್ರ ಸಿಕ್ಕಿತು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ.

ನಾನು ನೀರಿಗೆ ಇಳಿಯುವುದಿಲ್ಲ. ಇಳಿಯುತ್ತೇನೆ ಎಂದು ಯಾರಿಗೂ ಹೇಳಿಲ್ಲ. ಅಣ್ಣ ಹೋದ ಮೇಲೆ ಬಸ್ಸಿನಲ್ಲಿ ಹೇಮಾವತಿ ಸೇತುವೆ ದಾಟುವಾಗಲೂ ಕಣ್ಣು ಮುಚ್ಚಿಕೊಳ್ಳುವವಳು ನಾನು. ನನ್ನ ತೂಕ ಅರವತ್ತೆಂಟು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಐವತ್ತಾರು ಕೆಜಿ ಪಪ್ಪನ ತೂಕ. ಒಂದು ವರ್ಷದಲ್ಲಿ ಹನ್ನೊಂದು ಕೆಜಿ ಇಳಿದಿದ್ದಾರೆ.

ಅಣ್ಣ ಬದುಕಿದ್ದಾಗ ಪಪ್ಪನಿಗೆ ತಮಾಷೆಗೆ ಹಾಯಿ ಹಿಡಿದು ನಿಲ್ಲುವುದನ್ನು ಕಲಿಸಿದ್ದ, ನಿಮಗೂ ನೆನಪಿರಬಹುದು. ಕುಂದೂರಿಗೆ ಹೋಗಿ ಭೂತಯ್ಯನನ್ನು ವಿಚಾರಿಸಿದೆ. "ಗುರುವಾರ ಗುರುವಾರ ಬರ್ತಾರೆ ಕಣಮ್ಮ. ಹಲಗೆ ಮ್ಯಾಲೆ ನಿಂತ್ಕತಾರೆ, ಬೀಳ್ತಾರೆ, ಮತ್ತೆ ನಿಂತ್ಕತಾರೆ. ನಮ್ಮೋರು ನೋಡಿ ನಗ್ತಾರೆ. ನಂಗೆ ನಗಾಕೆ ಬರಲ್ಲ" ಎಂದ. ಅರವತ್ನಾಲ್ಕು ವರ್ಷದ ಮನುಷ್ಯ. ಮಮ್ಮಿಗೆ ಗುರುವಾರ ಸಕಲೇಶಪುರದಲ್ಲಿ ಪಿಂಚಣಿ ಕೆಲಸ ಎಂದು ಹೇಳಿ ಹೋಗುತ್ತಾರೆ.

ಮಳೆ ಪುಸ್ತಕದ ಕೊನೆಯ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಮೂರು ಸಾಲು ಬರೆದಿದ್ದಾರೆ. "ಅದೇ ಮಟ್ಟ. ಅದೇ ಕಂಬ. ಅದೇ ಬೊಡ್ಡೆ." ಅಣ್ಣನಿಗೆ ತಗುಲಿದ ಆ ಮರದ ಬೊಡ್ಡೆಯ ಮೇಲೆಯೇ, ನೀರು ಅವತ್ತಿನಷ್ಟೇ ಆದ ದಿನ, ಹಲಗೆ ಹಾರಿಸಿಕೊಂಡು ಹೋಗಬೇಕೆಂದು ಪಪ್ಪ ಅಂದುಕೊಂಡಿದ್ದಾರೆ. ಇದಕ್ಕೆ ಬೇರೆ ಅರ್ಥ ಹುಡುಕಿ ಸಾಕಾಯಿತು. ಬೇರೆ ಅರ್ಥ ಇಲ್ಲ.

ಎದುರಿಗೆ ನಿಂತು ಕೇಳಿದೆ. "ನಿನ್ ಶಾಲೆ ನೀನ್ ನೋಡ್ಕೊ" ಎಂದರು. ಹಲಗೆ ಒಡೆಯುತ್ತೇನೆ ಎಂದೆ. "ಒಡಿ. ತೆಪ್ಪ ಇಲ್ವಾ, ಹೊಳೆ ಇಲ್ವಾ, ರೈಲು ಇಲ್ವಾ" ಎಂದರು.

ರೆಕ್ಕೆ ಕಳಿಸಬೇಡಿ ಎಂದು ಬರೆಯಲು ಕೂತವಳು ನಾನು. ನೀವು ಕಳಿಸದಿದ್ದರೆ ಇನ್ನೆಲ್ಲಿಂದಲೋ ತರಿಸುತ್ತಾರೆ. ನನಗೆ ಈ ರೆಕ್ಕೆ, ಕಂಬ ಒಂದೂ ಅರ್ಥವಾಗುವುದಿಲ್ಲ, ನಿಮಗೆ ಆಗುತ್ತದೆ. ಅಣ್ಣನ ಸ್ನೇಹಿತ ನೀವು. ಏನಾದರೂ ಮಾಡಿ.

ಗ್ರೆಟ್ಟಾ


ರಾಮೇಶ್ವರ
18 ಜನವರಿ 2025

ಪ್ರೀತಿಯ ಅಂಕಲ್,

ಗ್ರೆಟ್ಟಾಗಾಗಿ ರೆಕ್ಕೆ ಕಳಿಸಿದ್ದೇನೆ. ಪಾರ್ಸೆಲ್ ನಿಮಗೆ ಈ ಪತ್ರಕ್ಕಿಂತ ಮೊದಲೇ ತಲುಪಬಹುದು. ನೋಡಲು ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಹೊಸ ಮಾದರಿ, ಕಡಿಮೆ ಗಾಳಿಯಲ್ಲೂ ಚೆನ್ನಾಗಿ ಎತ್ತುತ್ತದೆ.

ಕಂಬದ ವಿಷಯ ಕೇಳಿದ್ದಿರಿ. ಬರೆಯದಿದ್ದರೆ ನನಗೆ ಇನ್ನು ನಿದ್ದೆ ಬರುವುದಿಲ್ಲ.

ಹಿನ್ನೀರಿನಲ್ಲಿರುವ ಆ ಬೊಡ್ಡೆ ನಮ್ಮ ತಾತ ಕೆಂಚಯ್ಯನವರ ಹಲಸಿನ ಮರದ್ದು. ಅಣೆಕಟ್ಟೆಯ ನೀರು ಬರುವ ಮೊದಲು ಅವರೇ ನಿಂತು ಕೊಯ್ಸಿದರು. ನಿಂತು ಗರಗಸ ಎಳೆಯಲು ಅನುಕೂಲವಾಗಲಿ ಎಂದು ಸೊಂಟದ ಎತ್ತರಕ್ಕೆ ಕೊಯ್ದರು, ನೆಲಕ್ಕೆ ಸಮನಾಗಿ ಕೊಯ್ಯಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ನಾನು ಅದರ ಮೇಲೆ ಹತ್ತಿ ಆಡಿದ್ದೇನೆ. ಜಾಕ್ಸನ್‌ಗೂ ತೋರಿಸಿದ್ದೆ. ಅದಕ್ಕೇ ನಾವಿಬ್ಬರೂ ಅಲ್ಲಿ ಗಿಡ್ಡ ಕಂಬವನ್ನೇ ಹಾಕುತ್ತಿದ್ದೆವು.

ನಾನು ಇಲ್ಲಿಗೆ ಹೊರಟ ದಿನ, ನವೆಂಬರ್ ಇಪ್ಪತ್ತು, ನನ್ನ ದೊಡ್ಡ ರೆಕ್ಕೆಯನ್ನೂ ಉದ್ದ ಕಂಬವನ್ನೂ ಅವನಿಗೆ ಕೊಟ್ಟೆ. ನಿಮ್ಮ ಜಗಲಿಯಲ್ಲಿ ಕೂತು ನಾನೇ ಬೋಲ್ಟು ಬಿಗಿದೆ, ನೀವೇ ಸ್ಪ್ಯಾನರ್ ತಂದುಕೊಟ್ಟಿರಿ. "ದೊಡ್ಡ ರೆಕ್ಕೆಗೆ ಗಿಡ್ಡ ಕಂಬ ಹಾಕಿದ್ರೆ ನೀರಿಂದ ಆಚೆ ಹಾರ್ಬುಡ್ತದೆ ಕಣೋ, ಉದ್ದದ್ದೇ ಹಾಕು" ಎಂದೆ. ಅದು ಸರಿಯಾದ ಮಾತೇ, ಸಮುದ್ರದಲ್ಲಾದರೆ. ಆ ಬೊಡ್ಡೆ ನನಗೆ ನೆನಪಾದದ್ದು ಬಸ್ಸು ಹತ್ತಿದ ಮೇಲೆ. ಫೋನ್ ಮಾಡೋಣ ಎಂದುಕೊಂಡೆ. ಅವನಿಗೂ ಗೊತ್ತಿರುವ ಬೊಡ್ಡೆ ತಾನೆ, ಅವನೇ ನೋಡಿಕೊಳ್ಳುತ್ತಾನೆ ಎಂದು ಸುಮ್ಮನಾದೆ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ನಿದ್ದೆ ಹೋದೆ. ನಾಲ್ಕು ದಿನದ ಮೇಲೆ ಅಮ್ಮ ಫೋನ್ ಮಾಡಿ ಹೇಳಿದಳು.

ಅವನನ್ನು ಕೊಂದವನು ನಾನು. ನಿಮ್ಮ ಫೋನ್ ಎತ್ತಿದರೆ ನೀವು ನನ್ನನ್ನು ಬಯ್ಯದೆ "ಊಟ ಆಯ್ತಾ" ಎಂದು ಕೇಳಿಬಿಡುತ್ತೀರಿ ಎಂಬ ಭಯಕ್ಕೆ ಎತ್ತಲಿಲ್ಲ.

ಆ ಬೊಡ್ಡೆಯ ಹತ್ತಿರ ಯಾರೂ ಹೋಗುವುದು ಬೇಡ ಅಂಕಲ್. ಯಾರೂ.

ನಿಮ್ಮ,
ಪ್ರಜ್ವಲ್


ರಾಮೇಶ್ವರ
18 ಜನವರಿ 2025

ಗ್ರೆಟ್ಟಾ,

ಪಪ್ಪನಿಗೆ ಕಳಿಸಿದ ರೆಕ್ಕೆ ಎಂಟುನೂರೈವತ್ತರದು. ಹೇಳಿದ್ದರ ಅರ್ಧ. ಇಲ್ಲಿ ಸಮುದ್ರದಲ್ಲಿ ಛತ್ರಿ ಮುರಿಯುವಂಥ ಗಾಳಿ ಬೀಸಿದಾಗ ಹಾಕುವುದು. ಕುಂದೂರಿನ ಗಾಳಿಯಲ್ಲಿ ಅದು ಯಾರನ್ನೂ ಎತ್ತುವುದಿಲ್ಲ. ಹಲಗೆ ಏಳದಿದ್ದರೆ ವೇಗ ಬರುವುದಿಲ್ಲ, ಎಮ್ಮೆ ನೀರಿನಲ್ಲಿ ಹೋದ ಹಾಗೆ ಹೋಗುತ್ತದೆ. ಕೆಳಗೆ ತಾಗಿದರೂ ತಾಗಿ ನಿಲ್ಲುತ್ತದೆ, ಅಷ್ಟೇ. ಅಳತೆ ಅಚ್ಚಾಗಿದ್ದ ಜಾಗವನ್ನು ಉಪ್ಪುಕಾಗದ ಹಾಕಿ ಉಜ್ಜಿ ತೆಗೆದಿದ್ದೇನೆ.

ನನಗೆ ತಿಳಿದ ಕೆಲಸ ಇದೊಂದೇ. ಇದು ಸಾಕಾಗುತ್ತದೋ ಇಲ್ಲವೋ ಗೊತ್ತಿಲ್ಲ. ಪಪ್ಪನಿಗೆ ಲೈಫ್ ಜಾಕೆಟ್ ಹಾಕಿಸು. ಭೂತಯ್ಯನಿಗೆ ಹೇಳಿಡು.

ಪ್ರಜ್ವಲ್


ದೋಣಿಗಾಲ್
16 ಫೆಬ್ರವರಿ 2025

ಪ್ರಜ್ವಲ್,

ರೆಕ್ಕೆ ಬಂತು. ಪತ್ರವೂ ಬಂತು. ಪತ್ರ ಓದಿ ಗುಡ್ಡದ ಮೇಲೆ ಹೋಗಿ ಕೂತು ಬಂದೆ.

ನೀನು ಬರೆದದ್ದು ನನಗೆ ಹೊಸದಲ್ಲ. ಜಾಕ್ಸನ್ ಮಣ್ಣಾದ ಹನ್ನೆರಡನೆಯ ದಿನ, ಹಿನ್ನೀರು ಇಳಿದು ಬೊಡ್ಡೆಯ ತಲೆ ನೀರಿಗೆ ಸಮವಾಗಿ ಕಂಡಿತು. ಭೂತಯ್ಯ ತೆಪ್ಪದಲ್ಲಿ ಕರೆದುಕೊಂಡು ಹೋದ. ಕೊಡಲಿ ಏಟಿನ ಹಾಗೆ ಒಂದು ಕಚ್ಚು, ಅದರೊಳಗೆ ರೆಕ್ಕೆಯ ಮುರಿದ ತುಂಡು ಸಿಕ್ಕಿಕೊಂಡಿತ್ತು. ಇಕ್ಕಳದಲ್ಲಿ ಕಿತ್ತು ತಂದೆ. ಆ ದಿನದ ಮಟ್ಟವನ್ನೂ ಇಪ್ಪತ್ತನಾಲ್ಕರ ಮಟ್ಟವನ್ನೂ ಪೇಪರಿನಲ್ಲಿ ನೋಡಿ ಕಳೆದೆ. ಅವನು ಹೋದಾಗ ಬೊಡ್ಡೆಯ ಮೇಲೆ ಒಂದೂವರೆ ಅಡಿ ನೀರಿತ್ತು. ಹಲಗೆ ಎದ್ದು ಹೋಗುವಾಗ ಗಿಡ್ಡ ಕಂಬದ ರೆಕ್ಕೆ ನೀರೊಳಗೆ ಒಂದಡಿ ಇರುತ್ತದೆ, ದಾಟಿಬಿಡುತ್ತಿತ್ತು. ಉದ್ದ ಕಂಬದ್ದು ಎರಡಡಿ ಇರುತ್ತದೆ. ತಗುಲಿತು, ಆ ವೇಗಕ್ಕೆ ಹಲಗೆ ಅವನನ್ನು ಎತ್ತಿ ಎಸೆಯಿತು.

ನೀನು ನಿನ್ನದನ್ನು ಹೇಳುತ್ತೀಯೋ ಇಲ್ಲವೋ ನೋಡಬೇಕಿತ್ತು, ಅದಕ್ಕೇ ಗ್ರೆಟ್ಟಾಳ ಹೆಸರು ಹೇಳಿ ಬರೆದೆ. ಅವಳ ಜೀವದ ಪ್ರಶ್ನೆ ಬಂದರಾದರೂ ಬಾಯಿ ಬಿಡುತ್ತೀಯ ಎಂದುಕೊಂಡೆ. ಬಿಡಲು ಐದು ತಿಂಗಳು ಬೇಕಾಯಿತು. ನಾನು ನಿನ್ನನ್ನು ಬಯ್ಯಬಹುದು, ಆದರೆ ನನ್ನದನ್ನು ಬಿಡಲು ನನಗೆ ಹದಿನೈದು ತಿಂಗಳು ಬೇಕಾಗಿದೆ.

ಕೇಳು. ಅವನು ಬೊಡ್ಡೆ ಮರೆತಿರಲಿಲ್ಲ. ಹದಿನೈದು ದಿನದಿಂದ ಆ ಕಡೆ ಹೋಗಿರಲಿಲ್ಲ, ನೀರು ಎಷ್ಟಿದೆಯೆಂದು ಅಂದಾಜಿರಲಿಲ್ಲ. ಅದಕ್ಕೇ ಕುಂದೂರಿನ ದಡದಿಂದ ಬೆಳಿಗ್ಗೆ ಎಂಟೂಕಾಲಿಗೆ ನನಗೆ ಫೋನ್ ಮಾಡಿದ. ನಮ್ಮ ಕಡೆ ಮಳೆ ಬಿದ್ದ ಬೆಳಿಗ್ಗೆ ಎಲ್ಲರೂ ಮಾಡುವ ಫೋನು. "ಪಪ್ಪಾ, ಎಷ್ಟಾಯ್ತು?" ಆ ಎರಡು ದಿನ ಇಲ್ಲಿ ಅಕಾಲ ಮಳೆ ಹೊಡೆದಿತ್ತು. "ನಾಲ್ಕು ಇಂಚು ಹತ್ತು ಸೆಂಟು ಕಣೋ" ಎಂದೆ, ಲಾಟರಿ ಹೊಡೆದವನ ಹಾಗೆ. "ಹಂಗಾದ್ರೆ ಹಿನ್ನೀರು ಏರಿರ್ತದೆ ಅಲ್ವಾ?" ಎಂದ. "ಒಂದಡಿ ಆದ್ರೂ ಏರಿರ್ತದೆ, ಹೋಗು ಮಾರಾಯ" ಎಂದೆ.

ನನ್ನ ಮಳೆ ಮಾಪಕ ಇರುವುದು ಗುಡ್ಡದ ಪಶ್ಚಿಮಕ್ಕೆ. ಅದರಲ್ಲಿ ಬಿದ್ದ ಹನಿ ಎಡಕುಮೇರಿ ಕಣಿವೆಗೆ ಇಳಿದು ಮಂಗಳೂರಿನ ಕಡಲು ಸೇರುತ್ತದೆ, ಹೇಮಾವತಿಗೆ ಒಂದು ಚಮಚವೂ ಹೋಗುವುದಿಲ್ಲ. ಇದು ಈ ಘಟ್ಟದ ದನ ಕಾಯುವವನಿಗೂ ಗೊತ್ತು. ಜಾಕ್ಸನ್‌ಗೆ ಆರು ವರ್ಷವಿದ್ದಾಗ ಅದೇ ಗುಡ್ಡದ ನೆತ್ತಿಯ ಮೇಲೆ ನಿಲ್ಲಿಸಿ, "ಇತ್ತ ಉಗಿದ್ರೆ ಮಂಗಳೂರು, ಅತ್ತ ಉಗಿದ್ರೆ ಹೊಳೆನರಸೀಪುರ" ಎಂದು ತೋರಿಸಿಕೊಟ್ಟವನು ನಾನೇ. ಇಡೀ ದಿನ ಉಗಿದು ಗಂಟಲು ಒಣಗಿಸಿಕೊಂಡಿದ್ದ. ಗುಡ್ಡದ ಆಚೆ ಅವತ್ತು ಒಂದು ಹನಿ ಬಿದ್ದಿರಲಿಲ್ಲ. ಅವತ್ತಿನ ಪೇಪರು ನನ್ನ ಪಕ್ಕದ ಕುರ್ಚಿಯ ಮೇಲೆ ಮಡಿಸಿದ ಹಾಗೇ ಇತ್ತು. ಹಿನ್ನೀರು ಹಿಂದಿನ ದಿನಕ್ಕಿಂತ ಎರಡು ಇಂಚು ಇಳಿದಿದೆ ಎಂದು ಅದರಲ್ಲಿ ಅಚ್ಚಾಗಿತ್ತು. ಬಿಡಿಸಿ ನೋಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಾನು ಹೇಳಿದ ಒಂದಡಿ ನಿಜವಾಗಿದ್ದರೆ ನೀನು ಕೊಟ್ಟ ಉದ್ದ ಕಂಬವೂ ದಾಟುತ್ತಿತ್ತು. ನೀನು ಉದ್ದ ಕಂಬ ಕೊಡದಿದ್ದರೆ ನನ್ನ ಸುಳ್ಳು ಅಡಿಯಿಂದ ಏನೂ ಆಗುತ್ತಿರಲಿಲ್ಲ. ಒಬ್ಬನಿಂದ ಆಗದ ಕೆಲಸ. ಇಬ್ಬರೂ ಸೇರಿ ಮಾಡಿದೆವು. "ಕೊಂದವನು ನಾನು" ಎಂದು ನೀನೊಬ್ಬನೇ ಎತ್ತಿಕೊಳ್ಳಬೇಡ, ಅದರಲ್ಲಿ ನನ್ನ ಪಾಲಿದೆ.

ನೀರು ಅವತ್ತಿನ ಮಟ್ಟಕ್ಕೆ ಇನ್ನು ಎರಡು ಅಡಿ.

ಇತಿ,
ವಲೇರಿಯನ್


ರಾಮೇಶ್ವರ
24 ಫೆಬ್ರವರಿ 2025

ಅಂಕಲ್,

ಬೆಳಿಗ್ಗೆಯಿಂದ ಹದಿನಾಲ್ಕು ಸಲ ಫೋನ್ ಮಾಡಿದೆ. ಎತ್ತಿ. ಬಯ್ಯಿರಿ, ಏನಾದರೂ ಅನ್ನಿ. ನೀವು ಎತ್ತುವುದಿಲ್ಲ ಎಂದರೆ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಪ್ರಜ್ವಲ್


ದೋಣಿಗಾಲ್
14 ಮಾರ್ಚ್ 2025

ಪ್ರಜ್ವಲ್,

ಬೂದಿ ಬುಧವಾರದ ಮರುದಿನ, ಆರನೆಯ ತಾರೀಕು, ಪೇಪರಿನಲ್ಲಿ ಆ ಸಂಖ್ಯೆ ಬಂತು. ಇಂಚು ಹೆಚ್ಚಿಲ್ಲ, ಕಡಿಮೆ ಇಲ್ಲ. ಹಿಂದಿನ ದಿನ ಇಗರ್ಜಿಯಲ್ಲಿ ಹಣೆಗೆ ಹಚ್ಚಿದ ಬೂದಿಯನ್ನು ನಾನು ತೊಳೆದಿರಲಿಲ್ಲ. ಗ್ಲೋರಿಯಾ "ಮುಖ ತೊಳೀರಿ" ಎಂದಳು. ಬಂದು ತೊಳೆಯುತ್ತೇನೆ ಎಂದೆ. ಬರುತ್ತೇನೋ ಇಲ್ಲವೋ ಎಂದು ನನಗೇ ಗೊತ್ತಿರಲಿಲ್ಲ. ನಾನು ಸಾಯಲು ಹೊರಟಿದ್ದೆ ಎಂದು ಈಗ ನೇರವಾಗಿ ಬರೆಯುತ್ತಿದ್ದೇನೆ, ಅವತ್ತು ಮನಸ್ಸಿನಲ್ಲೂ ಆ ಶಬ್ದ ಬಳಸಿರಲಿಲ್ಲ. ಅವನಿಗೆ ತಗುಲಿದ್ದು ನನಗೂ ತಗುಲುತ್ತದೋ ನೋಡೋಣ ಎಂದುಕೊಂಡಿದ್ದೆ.

ಒಂದು ಮಾತು ಹೇಳಬೇಕು. ನಿನ್ನ ರೆಕ್ಕೆ ಚಿಕ್ಕದು ಎಂದು ಪಾರ್ಸೆಲ್ ಬಿಚ್ಚಿದ ದಿನವೇ ಗೊತ್ತಾಯಿತು. ಅಳತೆಯನ್ನು ಉಜ್ಜಿದ್ದೆಯಲ್ಲ, ಉಜ್ಜಿದ ಜಾಗವೇ ಮೊದಲು ಕಣ್ಣಿಗೆ ಬಿತ್ತು. ರೆಕ್ಕೆಯನ್ನು ಹಳೆಯ ಮಸ್ಟರ್ ಹಾಳೆಯ ಮೇಲೆ ಕವುಚಿ ಸುತ್ತ ಪೆನ್ಸಿಲ್ ಎಳೆದೆ. ಆಳುಗಳ ಹಾಜರಿ ಹಾಕುವ ಮನೆಗಳಿರುತ್ತವಲ್ಲ, ಅವನ್ನು ಎಣಿಸಿ ಒಂದು ಮನೆಯ ಅಳತೆಗೆ ಗುಣಿಸಿದೆ. ಎಂಟುನೂರ ಐವತ್ತರ ಆಸುಪಾಸು. ರೈಟರ್‌ಗೆ ಮೋಸ ಮಾಡಲು ಉಪ್ಪುಕಾಗದ ಸಾಲದು ಮಾರಾಯ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗ್ರೆಟ್ಟಾ ನಿನಗೆ ಬರೆದಿದ್ದಾಳೆ ಎಂದು ಅರ್ಥವಾಯಿತು. ಬೇರೆ ಕಡೆಯಿಂದ ದೊಡ್ಡದನ್ನು ತರಿಸಲು ನನಗೆ ಬೇಕಾದಷ್ಟು ದಿನವಿತ್ತು. ತರಿಸಲಿಲ್ಲ. ನೀನು ಕಳಿಸಿದ್ದನ್ನೇ ಸಿಕ್ಕಿಸಿ ಬೋಲ್ಟು ಬಿಗಿದೆ. ಯಾಕೆ ಎಂದು ನನ್ನನ್ನು ಕೇಳಬೇಡ. ನಾನು ಹೋಗುವುದು ಬೇಡ ಎಂದು ಯಾರೋ ಒಬ್ಬರು ಕೂತು ಉಜ್ಜಿದ್ದಾರೆ ಎಂಬುದು ಕೈಗೆ ತಾಗುತ್ತಿತ್ತು.

ಮಧ್ಯಾಹ್ನ ಎರಡೂವರೆಗೆ ನೀರಿಗಿಳಿದೆ. ಪಂಚೆ ಅಲ್ಲಾಡಿಸುವ ಗಾಳಿ. ಲೈಫ್ ಜಾಕೆಟ್ ಹಾಕಿಕೊಂಡಿದ್ದೆ, ಭೂತಯ್ಯ ಹಾಕದೆ ಬಿಡಲಿಲ್ಲ. ಹಾಯಿ ಎಳೆದು ನಿಂತೆ. ಹಲಗೆ ಏಳಲಿಲ್ಲ. ಏಳುವುದಿಲ್ಲ ಎಂದು ಗೊತ್ತಿದ್ದೂ ಮೊಣಕಾಲು ಬಗ್ಗಿಸಿ ಹಿಂದಕ್ಕೆ ವಾಲಿ ನೋಡಿದೆ, ಅವನು ಕಲಿಸಿದ್ದ ಹಾಗೆ. ನಡೆದುಕೊಂಡು ಹೋಗುವವನೂ ನನ್ನನ್ನು ಹಿಂದೆ ಹಾಕುತ್ತಿದ್ದ. ಡಬ್ಬದ ಗುರುತಿಗೆ ನೇರ ಮಾಡಿಕೊಂಡು ಹಾಗೇ ತೇಲುತ್ತಾ ಹೋದೆ. ಅರ್ಧ ಗಂಟೆ ಹಿಡಿಯಿತು.

ತಗುಲಿತು. ಕತ್ತಲ ಕೋಣೆಯಲ್ಲಿ ನಡೆಯುವಾಗ ಮಂಚದ ಕಾಲು ತಾಗುತ್ತದಲ್ಲ, ಅಷ್ಟೇ. ಕಂಬದ ಮೂಲಕ ಪಾದಕ್ಕೆ ಗೊತ್ತಾಯಿತು. ಹಲಗೆ ನಿಂತಿತು, ಹಾಯಿ ಕೈಬಿಟ್ಟು ನೀರಿಗೆ ಬಿತ್ತು, ನಾನು ಹಲಗೆಯ ಮೇಲೆ ಕೂತೆ. ಹದಿನೈದು ತಿಂಗಳಿಂದ ಮುಟ್ಟಬೇಕೆಂದಿದ್ದ ಜಾಗವನ್ನು ಮುಟ್ಟಿದ್ದೆ. ಏನೂ ಆಗಲಿಲ್ಲ. ಅಲ್ಲೇ ಕೂತು ಅತ್ತೆ. ಮಣ್ಣಿನ ದಿನ ಅತ್ತಿರಲಿಲ್ಲ, ಎಲ್ಲರೂ ಗಟ್ಟಿ ಮನುಷ್ಯ ಎಂದಿದ್ದರು.

ನನ್ನ ಮಗನಿಗೆ ದೊಡ್ಡ ರೆಕ್ಕೆ ಆರಿಸಿದ ಕೈಯೇ ನನಗೆ ಚಿಕ್ಕದನ್ನು ಆರಿಸಿತು. ಅದನ್ನು ನೆನೆದು ನಿನ್ನ ಮೇಲೆ ಹೊಟ್ಟೆ ಉರಿಯಿತು ಪ್ರಜ್ವಲ್, ಸುಳ್ಳು ಹೇಳುವುದಿಲ್ಲ. ನನಗೆ ಇಟ್ಟ ಎಚ್ಚರವನ್ನು ಅವನಿಗೆ ಇಡಬಾರದಿತ್ತೇ ಎಂದು ಕೂಗಿದೆ. ದಡದಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಆಮೇಲೆ ಅದೇ ಮಾತನ್ನು ನನಗೂ ಕೂಗಿಕೊಂಡೆ.

ಸಂಜೆ ಭೂತಯ್ಯ ತೆಪ್ಪ ತಂದ. "ಏಳಿ ಸಾಮಿ, ತಣ್ಣಗಾಗ್ತಾ ಐತೆ, ಮನೇಗ್ ಹೋಗಾಣ" ಎಂದ. ಹಲಗೆಯನ್ನು ಅವನಿಗೇ ಕೊಟ್ಟೆ, ಬಲೆ ಒಣಗಿಸಲು ಆಗುತ್ತದಂತೆ. ಬೊಡ್ಡೆಯನ್ನು ಮೇ ತಿಂಗಳಲ್ಲಿ ಕೊಯ್ಸಬೇಕು. ನಿನ್ನ ತಾತನ ಮರ, ಬಂದು ಗರಗಸದ ಒಂದು ತುದಿ ನೀನು ಹಿಡಿ. ಈ ಸಲ ನೆಲಕ್ಕೆ ಸಮನಾಗಿ ಕೊಯ್ಯಬೇಕು. ನೀನು ಬಂದಾಗ ನಿನ್ನ ಮುಖ ನೋಡಲು ನನಗೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಬಾ. ಊಟ ಆಯ್ತಾ ಎಂದು ಕೇಳುವುದಿಲ್ಲ.

ನಿನ್ನೆ ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ಮಾಪಕದ ಬುಡದಲ್ಲಿ ಹುಲ್ಲು ಬೆಳೆದಿತ್ತು, ಕಿತ್ತು, ಬೆಳಿಗ್ಗೆ ಎಂಟು ಗಂಟೆಗೆ ಅಳೆದೆ. ಎಂಬತ್ತು ಸೆಂಟು, ಒಂದು ಇಂಚಿಗೆ ಇಪ್ಪತ್ತು ಕಡಿಮೆ. ಗುಡ್ಡದ ಪಶ್ಚಿಮಕ್ಕೆ ಬಿದ್ದ ಮಳೆ. ಇದರಿಂದ ಹಿನ್ನೀರು ಏರುವುದಿಲ್ಲ.

ಇತಿ,
ವಲೇರಿಯನ್